ಹಿಪ್ಪುನೇರಳೆ ಕಡ್ಡಿಯಿಂದ ಬಯೋಚಾರ್: ಗುಂಡಿ ತೋಡುವುದರಿಂದ ಹೊಲಕ್ಕೆ ಸೇರಿಸುವವರೆಗೆ

ರೇಷ್ಮೆ ಸಾಕುವವರ ಮನೆ ಹಿಂದೆ ಹಿಪ್ಪುನೇರಳೆ ಕಡ್ಡಿಯ ರಾಶಿ ಇದ್ದೇ ಇರುತ್ತದೆ. ರೆಂಬೆ ಸಮೇತ ಸೊಪ್ಪು ಕೊಟ್ಟರೆ ಹುಳು ಎಲೆ ತಿಂದು ಕಡ್ಡಿ ಉಳಿಸುತ್ತದೆ. ಸ್ವಲ್ಪ ಒಲೆಗೆ ಹೋಗುತ್ತದೆ. ಮಿಕ್ಕಿದ್ದು ಬದುವಿನ ಮೇಲೆ ಬಿದ್ದಿರುತ್ತದೆ. ಒಂದು ದಿನ ಬೆಂಕಿ ಇಡುತ್ತೇವೆ. ಮರುದಿನ ನೋಡಿದರೆ ಉಳಿದಿರುವುದು ಒಂದೆರಡು ಮಂಕರಿ ಬೂದಿ. ಅದೂ ಗಾಳಿಗೆ ಹಾರಿಹೋಗುತ್ತದೆ.

ಅದೇ ಕಡ್ಡಿಯನ್ನು ಬೂದಿಯಾಗಲು ಬಿಡದೆ, ಇದ್ದಿಲಿನ ಹಂತದಲ್ಲೇ ನಿಲ್ಲಿಸಿದರೆ ಅದೇ ಬಯೋಚಾರ್. ನಮ್ಮದು ಚಿಕ್ಕಬಳ್ಳಾಪುರ ಕಡೆಯ ಕೆಂಪು ಮಣ್ಣು. ರಾಗಿ, ಟೊಮೆಟೊ, ಹಿಪ್ಪುನೇರಳೆ, ಬದುವಿನಲ್ಲಿ ಒಂದಿಷ್ಟು ತೆಂಗು. ಈ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಹಾಕಿದ ಗೊಬ್ಬರವೂ ಜಾಸ್ತಿ ದಿನ ಉಳಿಯುವುದಿಲ್ಲ. ಇಂಥ ಮಣ್ಣಿಗೆ ಬಯೋಚಾರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಆದರೆ ಸರಿಯಾಗಿ ಮಾಡಬೇಕು. ನಾನು ಮೊದಲ ಸಲ ತಪ್ಪು ಮಾಡಿ ಕಲಿತೆ. ನೀವು ಆ ತಪ್ಪು ಮಾಡಬೇಕಿಲ್ಲ.

ಮೊದಲು ಇದೊಂದು ತಿಳಿದಿರಲಿ: ಇದು ಗೊಬ್ಬರವಲ್ಲ

ಬಯೋಚಾರ್ ಅಂದರೆ ಖಾಲಿ ಕಣಜ ಅಂದುಕೊಳ್ಳಿ. ಕಣಜ ಹೊಟ್ಟೆ ತುಂಬಿಸುವುದಿಲ್ಲ, ಒಳಗಿನ ಕಾಳು ತುಂಬಿಸುತ್ತದೆ. ಇದ್ದಿಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಅವು ನೀರು ಹಿಡಿಯುತ್ತವೆ, ಪೋಷಕಾಂಶ ಹಿಡಿಯುತ್ತವೆ, ಸೂಕ್ಷ್ಮಜೀವಿಗಳಿಗೆ ಮನೆ ಆಗುತ್ತವೆ. ಕೊಟ್ಟಿಗೆ ಗೊಬ್ಬರ ನಮ್ಮ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಕರಗಿಹೋಗುತ್ತದೆ. ಚೆನ್ನಾಗಿ ಸುಟ್ಟ ಇದ್ದಿಲು ನೂರಾರು ವರ್ಷ ಮಣ್ಣಿನಲ್ಲಿ ಉಳಿಯುತ್ತದೆ.

ಖಾಲಿ ಕಣಜವನ್ನೇ ಹೊಲಕ್ಕಿಳಿಸಿದರೆ ಏನಾಗುತ್ತದೆ? ಅದು ನಿಮ್ಮ ಹೊಲದ ಸಾರವನ್ನೇ ಎಳೆದು ತುಂಬಿಕೊಳ್ಳುತ್ತದೆ. ನನಗೆ ಆಗಿದ್ದೂ ಅದೇ. ಮೊದಲ ವರ್ಷ ಹಸಿ ಇದ್ದಿಲನ್ನು ಪುಡಿ ಮಾಡಿ ಟೊಮೆಟೊ ಗುಣಿಗೆ ಒಂದೊಂದು ಬೊಗಸೆ ಸುರಿದೆ. ಎರಡನೇ ವಾರಕ್ಕೆ ಎಲೆ ಹಳದಿ. ಪಕ್ಕದ ಸಾಲು ಹಸಿರಾಗಿತ್ತು, ಇದ್ದಿಲು ಹಾಕಿದ ಸಾಲು ಸೊರಗಿತ್ತು. ಸಾರಜನಕ ಇದ್ದಿಲಿನ ಪಾಲಾಗಿತ್ತು. ಮೇಲುಗೊಬ್ಬರ ಕೊಟ್ಟ ಮೇಲೆ ಗಿಡ ಚೇತರಿಸಿಕೊಂಡಿತು, ಆದರೆ ಫಸಲು ತಡವಾಯಿತು. ಹಾಗಾಗಿ ಈ ಬರಹದಲ್ಲಿ ಸುಡುವ ಭಾಗಕ್ಕಿಂತ ಇದ್ದಿಲಿಗೆ ಸಾರ ತುಂಬಿಸುವ ಭಾಗವನ್ನು ಜಾಸ್ತಿ ಗಮನ ಕೊಟ್ಟು ಓದಿ.

ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಟೆರ್ರಾ ಪ್ರೇಟಾ ಅನ್ನುವ ಕಪ್ಪು ಮಣ್ಣಿನ ತುಣುಕುಗಳಿವೆ. ಸುತ್ತಲಿನ ಮಣ್ಣು ಬಡಕಲು, ಇದು ಮಾತ್ರ ಫಲವತ್ತು. 1000 ವರ್ಷಕ್ಕೂ ಹಿಂದೆ ಅಲ್ಲಿದ್ದ ಜನ ಮಾಡಿದ ಮಣ್ಣು ಅದು. ಅದರಲ್ಲಿ ಇದ್ದಿಲು ಒಂದೇ ಇಲ್ಲ. ಮೂಳೆ, ಅಡುಗೆಮನೆ ಕಸ, ಮಡಕೆ ಚೂರು, ಮಲಮೂತ್ರ ಎಲ್ಲ ಬೆರೆತಿದೆ. ಅಂದರೆ ಅವರ ಇದ್ದಿಲು ತುಂಬಿದ ಕಣಜವಾಗಿತ್ತು. ನಮ್ಮ ಕರಾವಳಿ ಕಡೆಯ ಸುಡುಮಣ್ಣು ಗೊತ್ತಲ್ವಾ? ತರಗೆಲೆ, ಕಸಕಡ್ಡಿ, ಮಣ್ಣು ಸೇರಿಸಿ ನಿಧಾನಕ್ಕೆ ಬೇಯಿಸಿ ತರಕಾರಿಗೆ ಹಾಕುತ್ತಾರೆ. ಅದರಲ್ಲೂ ಸ್ವಲ್ಪ ಇದ್ದಿಲು ಇರುತ್ತದೆ. ನಮಗೆ ಪೂರ್ತಿ ಹೊಸ ವಿಚಾರವೇನಲ್ಲ ಇದು.

ನಿಮ್ಮ ಮಣ್ಣಿಗೆ ಬೇಕಾ?

ಎಲ್ಲ ಮಣ್ಣಿಗೂ ಬೇಡ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಉಷ್ಣವಲಯದಲ್ಲಿ ಇಳುವರಿ ಸರಾಸರಿ 25% ಹೆಚ್ಚಿತ್ತು. ತಂಪು ದೇಶಗಳಲ್ಲಿ ಸರಾಸರಿ ಏನೂ ಹೆಚ್ಚಿರಲಿಲ್ಲ. ಕಾರಣ ಸರಳ. ಉಷ್ಣವಲಯದ ಮಣ್ಣು ಹೆಚ್ಚಾಗಿ ಹುಳಿ, ಸಾರ ಕಡಿಮೆ. ತಂಪು ದೇಶದ ಹೊಲಗಳಿಗೆ ಮೊದಲೇ ಸುಣ್ಣ, ಗೊಬ್ಬರ ಸಾಕಷ್ಟು ಬಿದ್ದಿರುತ್ತದೆ. ಬಡ ಮಣ್ಣಿಗೆ ಲಾಭ ಜಾಸ್ತಿ, ಒಳ್ಳೆಯ ಮಣ್ಣಿಗೆ ಕಡಿಮೆ.

ಹಾಗಾಗಿ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ವರದಿಯಲ್ಲಿ ಎರಡು ಅಂಕಿ ನೋಡಿ: ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಮತ್ತು ಸಾವಯವ ಇಂಗಾಲ.

ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ ಧೈರ್ಯವಾಗಿ ಹಾಕಿ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು ಹೆಚ್ಚಾಗಿ ಹೀಗೆ ಹುಳಿಯಾಗಿರುತ್ತದೆ. 6.5ರಿಂದ 7.5ರ ನಡುವೆ ಇದ್ದರೆ ಸಾರ ತುಂಬಿಸಿದ್ದನ್ನು ಮಾತ್ರ ಹಾಕಿ, ಸ್ವಲ್ಪಸ್ವಲ್ಪವಾಗಿ ಹಾಕಿ. 8ರ ಹತ್ತಿರ ಅಥವಾ ಮೇಲಿದ್ದರೆ ನಾನು ಬೇಡ ಅನ್ನುತ್ತೇನೆ. ಇದ್ದಿಲಿನ ಜೊತೆ ಬರುವ ಬೂದಿ ಕ್ಷಾರ. ಉತ್ತರ ಕರ್ನಾಟಕದ ಎರೆಭೂಮಿ ಮೊದಲೇ ಕ್ಷಾರದ ಕಡೆಗಿರುತ್ತದೆ, ನೀರು ಹಿಡಿಯುವ ಶಕ್ತಿಯೂ ಅದಕ್ಕೆ ತಾನಾಗಿಯೇ ಇದೆ. ಅಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯನ್ನು ಪುಡಿ ಮಾಡಿ ಕಾಂಪೋಸ್ಟ್ ಮಾಡುವುದೇ ಒಳ್ಳೆಯದು. ನಮ್ಮ ಕಡೆಯಲ್ಲೂ ಆಳದ ಬೋರ್‌ವೆಲ್‌ನ ಗಡಸು ನೀರು ವರ್ಷಗಟ್ಟಲೆ ಹರಿಸಿದ ಹೊಲಗಳಲ್ಲಿ ಪಿಎಚ್ ಏರಿರುತ್ತದೆ. ಕೆಂಪು ಮಣ್ಣು ಅಂತ ಸುಮ್ನೆ ಅಂದಾಜಿಗೆ ಹಾಕಬೇಡಿ.

ಸಾವಯವ ಇಂಗಾಲ 0.5%ಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಅಂತ ಲೆಕ್ಕ ಹಾಕುತ್ತಾರೆ. ಅಂಥ ಹೊಲಕ್ಕೆ ಬಯೋಚಾರ್ ಒಂದರಿಂದಲೇ ಆಗುವುದಿಲ್ಲ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರವೂ ಜೊತೆಗೆ ಬೇಕು.

ಯಾವುದನ್ನು ಸುಡಬೇಕು, ಯಾವುದನ್ನು ಸುಡಬಾರದು

ದನ ತಿನ್ನುವುದನ್ನು ಸುಡಬೇಡಿ. ರಾಗಿ ಹುಲ್ಲು, ಜೋಳದ ಸೊಪ್ಪೆ ಮೇವಿಗೇ ಇರಲಿ. ಬೇಗ ಕೊಳೆಯುವ ಎಲೆ, ಕಳೆ, ತರಕಾರಿ ಕಸ ತಿಪ್ಪೆಗೆ ಹೋಗಲಿ. ಕೊಳೆಯಲು ತಡಮಾಡುವ, ಗಟ್ಟಿ ಕಡ್ಡಿಗಳು ಮಾತ್ರ ಬಯೋಚಾರ್‌ಗೆ. ಹಿಪ್ಪುನೇರಳೆ ಕಡ್ಡಿ, ತೊಗರಿ ಕಡ್ಡಿ, ಮೆಕ್ಕೆಜೋಳದ ಬೆಂಡು, ತೆಂಗಿನ ಚಿಪ್ಪು, ಒಣಗಿದ ತೆಂಗಿನ ಗರಿಯ ದಿಂಡು, ಲಂಟಾನ, ಬಳ್ಳಾರಿ ಜಾಲಿ ಇವೆಲ್ಲ ಚೆನ್ನಾಗಿ ಆಗುತ್ತವೆ. ಇದಕ್ಕಾಗಿ ಹಸಿರು ಮರ ಕಡಿಯಬಾರದು. ಬಣ್ಣ ಹಚ್ಚಿದ ಮರ, ಪ್ಲೈವುಡ್ ಬೇಡವೇ ಬೇಡ. ಟೊಮೆಟೊಗೆ ಕಟ್ಟಿದ ಪ್ಲಾಸ್ಟಿಕ್ ದಾರ ಕಡ್ಡಿಗೆ ಸುತ್ತಿಕೊಂಡಿದ್ದರೆ ಬಿಡಿಸಿ ತೆಗೆಯಿರಿ.

ಭತ್ತದ ಹೊಟ್ಟು, ಕಾಫಿ ಸಿಪ್ಪೆಯಂಥ ಪುಡಿ ವಸ್ತು ಈ ಗುಂಡಿಯಲ್ಲಿ ಆಗುವುದಿಲ್ಲ. ಗಾಳಿ ಆಡದೆ ಬರೀ ಹೊಗೆ ಬರುತ್ತದೆ. ಅದಕ್ಕೆ ಬೇರೆ ಥರದ ಒಲೆ ಬೇಕು.

ಕಡ್ಡಿ ಹೆಬ್ಬೆರಳಿನ ದಪ್ಪದಿಂದ ಮುಂಗೈ ದಪ್ಪದವರೆಗೆ ಇದ್ದರೆ ಸಾಕು. ಅದಕ್ಕಿಂತ ದಪ್ಪ ಇದ್ದರೆ ಸೀಳಿ. ಚೆನ್ನಾಗಿ ಒಣಗಿರಬೇಕು. ಮುರಿದರೆ ಫಟ್ ಅಂತ ಸದ್ದಾಗಬೇಕು. ಬಾಗಿದರೆ ಇನ್ನೂ ಹಸಿ ಇದೆ ಅಂತ ಅರ್ಥ. ಹಸಿ ಕಡ್ಡಿ ಹಾಕಿದರೆ ಹೊಗೆ ಜಾಸ್ತಿ, ಇದ್ದಿಲು ಕಡಿಮೆ.

ಗುಂಡಿ

ಡ್ರಮ್ಮಿನಲ್ಲೂ ಮಾಡಬಹುದು. ಆದರೆ ಡ್ರಮ್ಮಿಗೆ ದುಡ್ಡು ಬೇಕು, ಎರಡು ವರ್ಷಕ್ಕೆ ಸುಟ್ಟು ತೂತಾಗುತ್ತದೆ. ಕೀಟನಾಶಕ, ರಾಸಾಯನಿಕ ತುಂಬಿದ್ದ ಡ್ರಮ್ಮಂತೂ ಅಪಾಯ. ನನಗೆ ಮಣ್ಣಿನ ಗುಂಡಿಯೇ ಇಷ್ಟ. ಖರ್ಚಿಲ್ಲ, ಒಮ್ಮೆ ತೋಡಿದರೆ ವರ್ಷ ವರ್ಷ ಬರುತ್ತದೆ.

ಬಾಣಲೆ ಆಕಾರದಲ್ಲಿ ತೋಡಿ. ಮೇಲೆ 5 ಅಡಿ ಅಗಲ, ತಳದಲ್ಲಿ 2 ಅಡಿ, ಆಳ ಎರಡೂವರೆ ಅಡಿ. ಗೋಡೆ ಇಳಿಜಾರಾಗಿರಲಿ. ಒದ್ದೆ ಮಣ್ಣಿನಿಂದ ಗೋಡೆಯನ್ನು ಬಡಿದು ಗಟ್ಟಿ ಮಾಡಿ. ತೋಡಿದ ಮಣ್ಣನ್ನು ಸುತ್ತ ಏರಿಯಂತೆ ಹಾಕಿದರೆ ಗಾಳಿ ತಡೆಯುತ್ತದೆ. ಈ ಅಳತೆಯ ಗುಂಡಿಗೆ ಸುಮಾರು 400 ಕೆಜಿ ಒಣ ಕಡ್ಡಿ ಹಿಡಿಯುತ್ತದೆ. ತೂಕದ ಲೆಕ್ಕದಲ್ಲಿ ಐದನೇ ಒಂದು ಭಾಗ ಇದ್ದಿಲು ಸಿಕ್ಕರೆ ಒಳ್ಳೆಯದು. ಅಂದರೆ 80 ಕೆಜಿ. 60 ಕೆಜಿ ಸಿಕ್ಕರೂ ಬೇಸರ ಬೇಡ.

ಜಾಗ ಆರಿಸುವಾಗ ಎಚ್ಚರ. ಹುಲ್ಲಿನ ಮೆದೆ, ಕೊಟ್ಟಿಗೆ, ತೆಂಗಿನ ಮರ, ಕರೆಂಟ್ ತಂತಿ ಹತ್ತಿರ ಇರಬಾರದು. ಸುತ್ತಲಿನ ಒಣ ಹುಲ್ಲನ್ನು ಕೆತ್ತಿ ತೆಗೆಯಿರಿ. ರೇಷ್ಮೆ ಮನೆಯಿಂದ ದೂರ ಇರಲಿ. ಹುಳುವಿಗೆ ಹೊಗೆ ಆಗುವುದಿಲ್ಲ. ಗೂಡು ಬಿಡಿಸಿ ಮುಂದಿನ ಬೆಳೆ ಶುರುವಾಗುವ ನಡುವಿನ ದಿನಗಳಲ್ಲೇ ಈ ಕೆಲಸ ಇಟ್ಟುಕೊಳ್ಳಿ.

ಸುಡುವ ದಿನ

ಗಾಳಿ ಇಲ್ಲದ ಬೆಳಿಗ್ಗೆ ಆರಿಸಿ. ಇಬ್ಬರು ಬೇಕು. ಒಬ್ಬರೇ ಮಾಡಬೇಡಿ. 200 ಲೀಟರಿನ ಎರಡು ಡ್ರಮ್ ನೀರು ಮೊದಲೇ ತುಂಬಿಸಿಡಿ. ಕರೆಂಟ್ ಇದ್ದಾಗ ಮೋಟರ್ ಹಾಕಿದರಾಯಿತು ಅಂತ ನೆಚ್ಚಬೇಡಿ. ನೀರು ಕೈಗೆ ಸಿಗುವ ಹಾಗೆ ಇರಬೇಕು. ಹತ್ತಿ ಬಟ್ಟೆ ಹಾಕಿ, ಕಾಲಿಗೆ ಶೂ ಇರಲಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ.

ತಳದಲ್ಲಿ ಸಣ್ಣ ಪುಳ್ಳೆಗಳನ್ನು ಅಡ್ಡಡ್ಡ ಜೋಡಿಸಿ, ಮೇಲಿನಿಂದ ಬೆಂಕಿ ಕೊಡಿ. ಇದೇ ಗುಟ್ಟು. ಉರಿ ಮೇಲಿದ್ದರೆ ಕೆಳಗಿನಿಂದ ಬರುವ ಹೊಗೆ ಆ ಉರಿಯಲ್ಲೇ ಸುಟ್ಟುಹೋಗುತ್ತದೆ. ಉರಿ ಗಾಳಿಯನ್ನು ಮೇಲೇ ತಿಂದುಬಿಡುತ್ತದೆ, ಕೆಳಗಿನ ಕೆಂಡಕ್ಕೆ ಗಾಳಿ ಸಿಗುವುದಿಲ್ಲ. ಹಾಗಾಗಿ ಅದು ಬೂದಿಯಾಗದೆ ಇದ್ದಿಲಾಗಿಯೇ ಉಳಿಯುತ್ತದೆ.

ಮೊದಲ ಕೆಂಡ ತಯಾರಾದ ಮೇಲೆ ಒಂದು ಪದರ ಕಡ್ಡಿ ಹರಡಿ. ಚೆನ್ನಾಗಿ ಹತ್ತಿಕೊಳ್ಳಲಿ. ಕಡ್ಡಿಯ ಮೇಲೆ ಬಿಳಿ ಬೂದಿಯ ತೆಳು ಪೊರೆ ಕಾಣಿಸಲು ಶುರುವಾದ ಕೂಡಲೇ ಮುಂದಿನ ಪದರ ಹಾಕಿ. ತಡಮಾಡಿದರೆ ಬೂದಿ ಜಾಸ್ತಿ. ಅವಸರ ಮಾಡಿದರೆ ಉರಿ ಉಸಿರುಗಟ್ಟಿ ಹೊಗೆ ಏಳುತ್ತದೆ. ಹೊಗೆ ಎದ್ದರೆ ಕೈ ನಿಲ್ಲಿಸಿ, ಉರಿ ಮೇಲೇಳುವವರೆಗೆ ಕಾಯಿರಿ. ಒಂದೆರಡು ಸಲ ಮಾಡಿದರೆ ಕಣ್ಣಿಗೆ ಅಂದಾಜು ಸಿಗುತ್ತದೆ. ರೊಟ್ಟಿ ಬೇಯಿಸುವವರಿಗೆ ತಿರುವಿ ಹಾಕುವ ಹೊತ್ತು ಗೊತ್ತಾಗುವ ಹಾಗೆ. ಹೀಗೆ ಪದರ ಪದರವಾಗಿ ಗುಂಡಿ ತುಂಬಲು ಮೂರು ನಾಲ್ಕು ಗಂಟೆ ಬೇಕು. ದಪ್ಪ ಕಡ್ಡಿಗಳನ್ನು ನಡುವಿನ ಪದರಗಳಿಗೆ ಹಾಕಿ, ಕೊನೆಗೆ ಸಣ್ಣವು ಇರಲಿ.

ಕೊನೆಯ ಪದರದ ಉರಿ ತಗ್ಗಿ, ಮೇಲೆಲ್ಲ ಕೆಂಡ ಕಂಡಾಗ ನೀರು ಹಾಕಿ. ಒಂದೇ ಸಲ ಬಿಂದಿಗೆ ಸುರಿಯಬೇಡಿ. ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಗಾಳಿ ಬರುವ ಕಡೆ ನಿಂತು, ಅಂಚಿನಿಂದ ಚಿಮುಕಿಸುತ್ತಾ ಬನ್ನಿ. ಸಲಿಕೆಯಲ್ಲಿ ತಿರುವಿ ಮತ್ತೆ ನೀರು ಹಾಕಿ. ನೀರಿನ ಕೊರತೆ ಇದ್ದರೆ ಒದ್ದೆ ಮಣ್ಣಿನಿಂದ ಪೂರ್ತಿ ಮುಚ್ಚಿ ಎರಡು ದಿನ ಬಿಡಬಹುದು. ಆದರೆ ಎಲ್ಲೋ ಒಂದು ಸಂದಿಯಿಂದ ಗಾಳಿ ನುಗ್ಗಿದರೂ ಬೆಳಗಾಗುವಷ್ಟರಲ್ಲಿ ಎಲ್ಲ ಬೂದಿ. ನೀರೇ ವಾಸಿ.

ಮರುದಿನ ಬೆಳಿಗ್ಗೆ ಕೈ ಹತ್ತಿರ ಹಿಡಿದು ನೋಡಿ. ಬಿಸಿ ಇದ್ದರೆ ಒಳಗೆ ಕೆಂಡ ಇದೆ ಅಂತ. ಮತ್ತೆ ನೀರು ಹಾಕಿ. ಪೂರ್ತಿ ಆರದ ಇದ್ದಿಲನ್ನು ಚೀಲಕ್ಕೆ ತುಂಬಿ ಮನೆಯೊಳಗೆ ಇಡಲೇಬೇಡಿ. ಆರಿದೆ ಅಂದುಕೊಂಡದ್ದು ರಾತ್ರಿ ಮತ್ತೆ ಹತ್ತಿಕೊಳ್ಳಬಹುದು.

ಒಳ್ಳೆಯ ಇದ್ದಿಲು ಗುರುತಿಸುವುದು ಹೇಗೆ

ಎರಡು ತುಂಡು ತಟ್ಟಿದರೆ ಟಣ್ ಅನ್ನಬೇಕು. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಕೈಗೆ ಹತ್ತಿದ ಮಸಿ ಬರೀ ನೀರಿಗೆ ಹೋಗಬೇಕು. ಎಣ್ಣೆಯ ಹಾಗೆ ಜಿಡ್ಡು ಅಂಟಿದರೆ, ಡಾಂಬರಿನ ವಾಸನೆ ಬಂದರೆ ಸರಿಯಾಗಿ ಸುಟ್ಟಿಲ್ಲ. ಮುರಿದಾಗ ನಡುವೆ ಕಂದು ಬಣ್ಣ ಕಂಡರೂ ಅಷ್ಟೇ. ಅಂಥ ತುಂಡುಗಳನ್ನು ಆರಿಸಿಟ್ಟು ಮುಂದಿನ ಸುಡುವಿಕೆಗೆ ಹಾಕಿ.

ನಂತರ ಪುಡಿ ಮಾಡಬೇಕು. ಒದ್ದೆ ಇರುವಾಗಲೇ ಮಾಡಿ, ದೂಳು ಏಳುವುದಿಲ್ಲ. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗೋಣಿಚೀಲದಲ್ಲಿ ತುಂಬಿ ಮೇಲೆ ಟ್ರ್ಯಾಕ್ಟರ್ ಓಡಿಸುವವರಿದ್ದಾರೆ. ಕಣದ ಮೂಲೆಯಲ್ಲಿ ಹಳೆಯ ರೋಣಗಲ್ಲು ಬಿದ್ದಿದ್ದರೆ ಅದಕ್ಕೂ ಕೆಲಸ ಸಿಕ್ಕಿತು. ಕಡಲೆಕಾಳಿನಷ್ಟು ಸಣ್ಣಗಾದರೆ ಸಾಕು. ಹಿಟ್ಟಿನಂತೆ ಮಾಡಬೇಕಿಲ್ಲ.

ಕಣಜ ತುಂಬಿಸುವುದು

ಇದೇ ಮುಖ್ಯ ಕೆಲಸ. ಮೂರು ದಾರಿ ಹೇಳುತ್ತೇನೆ. ದನ ಇರುವವರಿಗೆ ಮೊದಲನೆಯದೇ ಸರಿ.

ಕೊಟ್ಟಿಗೆಯಲ್ಲಿ ಗಂಜಲ ಹರಿಯುವ ಕಾಲುವೆಗೆ, ದನ ಮಲಗುವ ಜಾಗಕ್ಕೆ ಸ್ವಲ್ಪ ಒದ್ದೆಯಾದ ಇದ್ದಿಲು ಪುಡಿಯನ್ನು ದಿನಾ ಒಂದೆರಡು ಬೊಗಸೆ ಹರಡಿ. ಸುಮ್ನೆ ಹರಿದುಹೋಗುವ ಗಂಜಲವನ್ನು ಅದು ಹೀರಿಕೊಳ್ಳುತ್ತದೆ. ಕೊಟ್ಟಿಗೆಯ ಘಾಟು ವಾಸನೆ ಕಡಿಮೆಯಾಗುವುದು ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ. ಆ ಘಾಟು ಅಂದರೆ ಗಾಳಿಗೆ ಹಾರಿಹೋಗುವ ಸಾರಜನಕ. ಈಗ ಅದು ಇದ್ದಿಲಿನೊಳಗೆ ಉಳಿಯುತ್ತದೆ. ಬೆಳಿಗ್ಗೆ ಸಗಣಿ ಬಾಚುವಾಗ ಇದನ್ನೂ ಸೇರಿಸಿ ತಿಪ್ಪೆಗೆ ಹಾಕಿ. ಬೇರೆ ಕೆಲಸವೇ ಇಲ್ಲ.

ಎರಡನೆಯದು ಕಾಂಪೋಸ್ಟ್ ಜೊತೆ ಕಳಿಯಲು ಬಿಡುವುದು. ಒಂದು ಮಂಕರಿ ಇದ್ದಿಲಿಗೆ ಐದರಿಂದ ಎಂಟು ಮಂಕರಿ ಹಸಿ ಸಗಣಿ ಗೊಬ್ಬರ, ಹಸಿರು ಸೊಪ್ಪು. ಪದರ ಪದರವಾಗಿ ಹಾಕಿ ನೀರು ಚಿಮುಕಿಸಿ ಮುಚ್ಚಿ. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ. 45ರಿಂದ 60 ದಿನ ಬಿಡಿ. ಹಿಂಡಿದರೆ ಹನಿ ಬೀಳಬಾರದು, ಆದರೆ ಉಂಡೆ ಕಟ್ಟಬೇಕು. ಅಷ್ಟು ತೇವ ಇರಲಿ.

ದಿನ ಕಡಿಮೆ ಇದ್ದರೆ ಮೂರನೆಯ ದಾರಿ ಜೀವಾಮೃತ, ಅಂದರೆ ಸಗಣಿ, ಗಂಜಲ ಕಲಸಿ ಹುದುಗಿಸಿದ ದ್ರಾವಣ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಮಾಡುವ ರೀತಿ ನಿಮಗೆ ಗೊತ್ತೇ ಇದೆ. ಅದನ್ನು ಇದ್ದಿಲಿನ ರಾಶಿಗೆ ನೆನೆಯುವಷ್ಟು ಹಾಕಿ, ನೆರಳಲ್ಲಿ 15 ದಿನ ಇಡಿ. ಒಣಗಲು ಬಿಡಬೇಡಿ. ಇದರಲ್ಲಿ ಜೀವಾಣು ಸಿಗುತ್ತದೆ, ಆದರೆ ಸಾರಜನಕ ಕಡಿಮೆ. ಹಾಗಾಗಿ ಹೊಲಕ್ಕೆ ಹಾಕುವಾಗ ಕೊಟ್ಟಿಗೆ ಗೊಬ್ಬರ ಜೊತೆಗಿರಲೇಬೇಕು.

ಎಷ್ಟು, ಎಲ್ಲಿ, ಯಾವಾಗ

ಎಕರೆಗೆ ಎರಡು ಮೂರು ಟನ್ ಹಾಕಿ ಅಂತ ಕೇಳಿದರೆ ಸಣ್ಣ ರೈತ ಅಲ್ಲೇ ಕೈಬಿಡುತ್ತಾನೆ. ಹೊಲವೆಲ್ಲ ಎರಚುವ ಲೆಕ್ಕ ಅದು. ನಮಗೆ ಬೇರು ಇರುವ ಕಡೆ ಬಿದ್ದರೆ ಸಾಕು. (ಮುಂದಿನ ಲೆಕ್ಕವೆಲ್ಲ ಬರೀ ಇದ್ದಿಲಿನದು. ಜೊತೆಗೆ ಬೆರೆತ ಗೊಬ್ಬರದ ತೂಕ ಬೇರೆ.)

ಟೊಮೆಟೊ, ಮೆಣಸಿನಕಾಯಿ, ಬದನೆಗೆ ಗುಣಿಗೆ 50 ಗ್ರಾಂ. ಎಕರೆಗೆ 5000 ಗಿಡ ಅಂದರೆ 250 ಕೆಜಿ. ಮೂರು ನಾಲ್ಕು ಸಲ ಸುಟ್ಟರೆ ಆಯಿತು. ನಾಟಿಗೆ ವಾರ ಮೊದಲು ಗುಣಿಗೆ ಹಾಕಿ ಮಣ್ಣಲ್ಲಿ ಬೆರೆಸಿ.

ತೆಂಗಿಗೆ ಬುಡದಿಂದ 6 ಅಡಿ ದೂರದವರೆಗಿನ ಪಾತಿಯೊಳಗೆ ಮರಕ್ಕೆ 10 ಕೆಜಿ. 30 ಅಡಿ ಅಂತರದಲ್ಲಿ ಎಕರೆಗೆ 48 ಮರ ಬರುತ್ತವೆ. ಹೆಚ್ಚುಕಡಿಮೆ 480 ಕೆಜಿ. ಒಂದೇ ವರ್ಷ ಎಲ್ಲ ಮರಕ್ಕೂ ಹಾಕಬೇಕು ಅಂತಿಲ್ಲ. ವರ್ಷಕ್ಕೆ ಹದಿನಾರು ಮರ ಅಂದುಕೊಂಡರೆ ಮೂರು ವರ್ಷಕ್ಕೆ ತೋಟ ಮುಗಿಯುತ್ತದೆ. ಅಡಿಕೆಗೆ ಮರಕ್ಕೆ ಒಂದು ಕೆಜಿ ಸಾಕು. ಹಿಪ್ಪುನೇರಳೆಗೆ ಕಟಾವಾದ ಮೇಲೆ ಸಾಲಿನ ಪಕ್ಕ ಗೆರೆ ಹೊಡೆದು, ಅದರಲ್ಲಿ ಹಾಕಿ ಮುಚ್ಚಿ.

ರಾಗಿಗೆ ಗುಣಿ ಲೆಕ್ಕ ಇಲ್ಲ. ಕೊನೆಯ ಉಳುಮೆಗೆ ಮೊದಲು ಕೊಟ್ಟಿಗೆ ಗೊಬ್ಬರದ ಜೊತೆ ಎರಚಿ. ಮೊದಲ ವರ್ಷ ಒಂದೇ ಗುಂಟೆಗೆ ಹಾಕಿ ನೋಡಿ ಅನ್ನುವುದು ನನ್ನ ಸಲಹೆ. ಎಕರೆಗೆ ಒಂದು ಟನ್ ಲೆಕ್ಕದಲ್ಲಿ ಗುಂಟೆಗೆ 25 ಕೆಜಿ. ಪಕ್ಕದ ಗುಂಟೆಗೆ ಅಷ್ಟೇ ಗೊಬ್ಬರ ಹಾಕಿ, ಇದ್ದಿಲು ಮಾತ್ರ ಬಿಡಿ. ಎರಡರ ತೆನೆಯನ್ನೂ ಬೇರೆ ಬೇರೆ ಕೊಯ್ದು ತೂಕ ಮಾಡಿ. ನನ್ನ ಮಾತು ಬೇಡ, ಬೇರೆಯವರ ಮಾತೂ ಬೇಡ. ನಿಮ್ಮ ತಕ್ಕಡಿ ಹೇಳಿದ್ದನ್ನು ನಂಬಿ.

ಮೇಲೆ ಹರಡಿ ಬಿಡಬೇಡಿ. ಇದ್ದಿಲು ಹಗುರ, ಮೊದಲ ಜೋರು ಮಳೆಗೆ ತೇಲಿ ಬದು ದಾಟುತ್ತದೆ. ನಾಲ್ಕರಿಂದ ಆರು ಇಂಚು ಆಳಕ್ಕೆ ಮಣ್ಣಲ್ಲಿ ಸೇರಲಿ.

ಕಾಲದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಶಿವರಾತ್ರಿಯಿಂದ ಯುಗಾದಿಯೊಳಗೆ ಸುಡುವ ಕೆಲಸ ಮುಗಿಸಿ. ಆಮೇಲೆ ಎರಡು ತಿಂಗಳು ತಿಪ್ಪೆಯಲ್ಲಿ ಕಳಿಯಲಿ. ಭರಣಿ, ಕೃತ್ತಿಕಾ ಮಳೆಗೆ ಉಳುಮೆ ಮಾಡಿಕೊಂಡು, ರೋಹಿಣಿ ಮಳೆ ಹೊತ್ತಿಗೆ ಹೊಲಕ್ಕೆ ಸೇರಿಸಿದರೆ ಬಿತ್ತನೆಗೆ ಮಣ್ಣು ಸಿದ್ಧ.

ಬಿತ್ತಿದ ಕೂಡಲೇ ಮಣ್ಣಿಗೆ ಸಿಂಪಡಿಸುವ ಕಳೆನಾಶಕ ಬಳಸುವವರು ಒಂದು ಗಮನಿಸಿ. ಇದ್ದಿಲು ಅದನ್ನೂ ಹೀರಿಕೊಳ್ಳುತ್ತದೆ. ಕಳೆ ಸಾಯದಿದ್ದರೆ ಔಷಧಿ ಕಳಪೆ ಅಂತ ಮತ್ತೆ ಡೋಸ್ ಏರಿಸಬೇಡಿ. ಆ ಹೊಲದಲ್ಲಿ ಕುಂಟೆ ಹೊಡೆಯುವುದೇ ಲೇಸು.

ಹಾಕಿದ ಮೇಲೆ

ಮೊದಲ ವರ್ಷವೇ ದೊಡ್ಡ ಬದಲಾವಣೆ ಬೇಡ ಅಂತ ಮನಸ್ಸಿಗೆ ಹೇಳಿಕೊಳ್ಳಿ. ಗೊಬ್ಬರವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ. ಮೊದಲು ಕಾಣುವ ಬದಲಾವಣೆ ನೀರಿನದು. ಮಳೆ ಹೋಗಿ ಎಂಟು ಹತ್ತು ದಿನ ಆದಾಗ ಎರಡೂ ಗುಂಟೆಯ ಮಣ್ಣನ್ನು ಅರ್ಧ ಅಡಿ ಕೆದಕಿ, ಮುಷ್ಟಿಯಲ್ಲಿ ಹಿಡಿದು ನೋಡಿ. ಮಧ್ಯಾಹ್ನದ ಬಿಸಿಲಿಗೆ ಯಾವ ಗುಂಟೆಯ ಗಿಡ ಮೊದಲು ಬಾಡುತ್ತದೆ ಗಮನಿಸಿ. ಬೆಳೆ ಮುಗಿದ ಮೇಲೆ ಒಂದು ಗಿಡ ಕಿತ್ತು ಬೇರು ನೋಡಿ. ಸಣ್ಣ ಬೇರುಗಳು ಇದ್ದಿಲಿನ ತುಂಡನ್ನು ಹಿಡಿದುಕೊಂಡಿದ್ದರೆ ಕೆಲಸ ಸರಿಯಾಗಿದೆ.

ಎರಡು ವರ್ಷಕ್ಕೊಮ್ಮೆ ಪಿಎಚ್ ಮತ್ತೆ ನೋಡಿಸಿ. 7.5 ದಾಟಿದ್ದರೆ ಅಲ್ಲಿಗೆ ನಿಲ್ಲಿಸಿ, ಬೇರೆ ತಾಕಿಗೆ ಹೋಗಿ. ಸಾವಯವ ಇಂಗಾಲದ ಅಂಕಿ ಅಷ್ಟು ಏರಲಿಲ್ಲ ಅಂತ ಬೇಸರ ಬೇಡ. ಲ್ಯಾಬಿನ ಸಾಮಾನ್ಯ ಪರೀಕ್ಷೆ ಇದ್ದಿಲಿನ ಇಂಗಾಲವನ್ನು ಪೂರ್ತಿಯಾಗಿ ಅಳೆಯುವುದಿಲ್ಲ.

ದುಡ್ಡು ಕೊಟ್ಟು ಚೀಲದ ಬಯೋಚಾರ್ ತರಬೇಕಾ ಅಂತ ಹಲವರು ಕೇಳುತ್ತಾರೆ. ನಮ್ಮಂಥ ಹೊಲಕ್ಕೆ ಬೇಡ. ಸ್ವಂತ ಕಡ್ಡಿ, ಸ್ವಂತ ಗುಂಡಿ, ಇಬ್ಬರ ಅರ್ಧ ದಿನದ ಕೆಲಸ ಇದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಕಾರ್ಬನ್ ಕ್ರೆಡಿಟ್ ದುಡ್ಡು (ಇಂಗಾಲವನ್ನು ಗಾಳಿಗೆ ಬಿಡದೆ ಮಣ್ಣಲ್ಲಿ ಉಳಿಸಿದ್ದಕ್ಕೆ ಸಿಗುವ ಹಣ) ಕೊಡಿಸುತ್ತೇವೆ ಅಂತ ಯಾರಾದರೂ ಬಂದು ಮುಂಗಡ ಕೇಳಿದರೆ ಒಪ್ಪಬೇಡಿ.

ಮಳೆಗಾಲದಲ್ಲಿ ಗುಂಡಿಗೆ ನೀರು ನುಗ್ಗದಂತೆ ಮೇಲೆ ಹಳೆಯ ತಗಡು ಮುಚ್ಚಿ. ಈ ಬೆಳೆಯ ಕಡ್ಡಿಯನ್ನು ಬದುವಿನ ಮೇಲೆ ಎಸೆಯದೆ, ಚಪ್ಪರದ ಕೆಳಗೆ ಅಡ್ಡಪಟ್ಟಿ ಕೊಟ್ಟು ನೆಲ ತಾಗದಂತೆ ಒಟ್ಟಿಡಿ. ಹೀಗಿಟ್ಟರೆ ಶಿವರಾತ್ರಿ ಹೊತ್ತಿಗೆ ಮುರಿದರೆ ಫಟ್ ಅನ್ನುವಷ್ಟು ಒಣಗಿರುತ್ತದೆ.